ಒಡೆಯ ಹೋದ ಮೇಲಿನ ದೊಡ್ಡಮನೆ

ಜೂನ್ ತಿಂಗಳ ಕೊನೆ. ಗಡಿಯಾರದಲ್ಲಿ ರಾತ್ರಿ ಹತ್ತೂವರೆ, ಆದರೂ ಸೂರ್ಯ ಪೂರ್ತಿ ಮುಳುಗಿಲ್ಲ. ಹಳೆಯ ಮರಗಳ ನಡುವೆ ಬಂದ ಜಲ್ಲಿರಸ್ತೆ ಒಂದು ಹೆಬ್ಬಾಗಿಲಿನಡಿ ಹಾದು ವಿಶಾಲವಾದ ಹುಲ್ಲಂಗಳಕ್ಕೆ ಬಂದು ಸೇರುತ್ತದೆ. ಎದುರಿಗೆ ನಸುಗೆಂಪು ಬಣ್ಣದ ಉದ್ದನೆಯ ಮನೆ, ಅದರ ತುಂಬ ಸಾಲು ಕಿಟಕಿಗಳು. ಹಿಂದೆ ಕೊಳ, ಕೊಳದಾಚೆ ತೋಟ. ತೋಟ ಮುಗಿದದ್ದೆಲ್ಲಿ, ಪೈನ್ ಕಾಡು ಶುರುವಾದದ್ದೆಲ್ಲಿ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಗಾಳಿ ಉತ್ತರದಿಂದ ಬೀಸಿದರೆ ಅದರಲ್ಲಿ ಕಡಲಿನ ತೇವವಿರುತ್ತದೆ.

ಪ್ರವಾಸಿ ಪೆಟ್ಟಿಗೆ ಎಳೆದುಕೊಂಡು ನೇರ ಆ ಮನೆಯತ್ತ ಹೊರಡುತ್ತಾನೆ. ಆದರೆ ಅವನ ಹಾಸಿಗೆ ಅಲ್ಲಿಲ್ಲ. ಅಂಗಳದ ಬದಿಯಲ್ಲಿರುವ ತಗ್ಗು ಕಟ್ಟಡದ ಕಡೆಗೆ ಅವನನ್ನು ಕರೆದೊಯ್ಯುತ್ತಾರೆ. ಗೋಡೆಗಳು ದಪ್ಪ, ಕಿಟಕಿಗಳು ಚಿಕ್ಕವು. ಒಂದು ಕಾಲಕ್ಕೆ ಇದು ಎಸ್ಟೇಟಿನ ಕೆಲಸದ ಕಟ್ಟಡ. ಒಡೆಯ ಮಲಗುತ್ತಿದ್ದ ಮನೆ ಈಗ ಎಲ್ಲರೂ ನೋಡಬಹುದಾದ ವಸ್ತುಸಂಗ್ರಹಾಲಯ. ಆಳುಗಳು ದುಡಿಯುತ್ತಿದ್ದ ಕಟ್ಟಡ ಹೋಟೆಲು.

ಇದು ಎಸ್ಟೋನಿಯದ ಉತ್ತರ ಕರಾವಳಿಯ ಸಗಾದಿ. ಹತ್ತಿರದಲ್ಲೇ ಪಾಲ್ಮ್ಸೆ ಮತ್ತು ವಿಹುಲ ಎಂಬ ಇನ್ನೆರಡು ದೊಡ್ಡಮನೆಗಳಿವೆ. ಮೂರರಲ್ಲೂ ರಾತ್ರಿ ತಂಗಬಹುದು. ಯುರೋಪಿನ ಹಳೆಯ ಜಮೀನ್ದಾರಿ ಬಂಗಲೆಗಳಲ್ಲಿ ಉಳಿಯುವುದು ಈಗ ದೊಡ್ಡ ಪ್ರವಾಸೋದ್ಯಮ. ಮೇಣದಬತ್ತಿ, ಪಿಯಾನೊ, ಬೆಳ್ಳಿ ಚಮಚಗಳ ಚಿತ್ರ ಹಾಕಿ ಅದನ್ನು ಮಾರುತ್ತಾರೆ. ಆದರೆ ಎಸ್ಟೋನಿಯದ ದೊಡ್ಡಮನೆಗಳ ಕಥೆ ಆ ಚಿತ್ರಗಳಲ್ಲಿ ಸಿಗುವಂಥದ್ದಲ್ಲ. ಇವನ್ನು ಕಟ್ಟಿಸಿದವರು ಜರ್ಮನ್ ಮಾತಾಡುವ ಒಡೆಯರು. ಕಟ್ಟಿದವರು ಎಸ್ಟೋನಿಯನ್ ಮಾತಾಡುವ ಜೀತದ ಒಕ್ಕಲುಗಳು. ಇವತ್ತು ಬೀಗದ ಕೈ ಹಿಡಿದು ಬಾಗಿಲು ತೆರೆಯುವವರು ಆ ಒಕ್ಕಲುಗಳ ಮರಿಮಕ್ಕಳು. ಅದು ಹೇಗಾಯಿತು ಎಂಬುದು ಗೊತ್ತಿದ್ದರೆ ಅಲ್ಲಿ ಕಳೆಯುವ ರಾತ್ರಿಗೆ ಅರ್ಥ ಬರುತ್ತದೆ.

ಕೊಲ್ಲಿಗಳ ನಾಡು

ರಾಜಧಾನಿ ಟಾಲಿನ್‌ನಿಂದ ಪೂರ್ವಕ್ಕೆ, ರಷ್ಯಾದ ಗಡಿಯ ನಾರ್ವ ಪಟ್ಟಣದ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಸಾಗಿದರೆ ಲಾಹೆಮಾ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಲಾಹೆಮಾ ಎಂದರೆ ಕೊಲ್ಲಿಗಳ ನಾಡು. ಯುಮಿಂದ, ಪ್ಯಾರಿಸ್ಪೆಯ, ಕ್ಯಾಸ್ಮು, ವೆರ್ಗಿ ಎಂಬ ನಾಲ್ಕು ಭೂಶಿರಗಳು ಕೈಬೆರಳುಗಳಂತೆ ಫಿನ್ಲೆಂಡ್ ಕೊಲ್ಲಿಯೊಳಕ್ಕೆ ಚಾಚಿವೆ. ಬೆರಳುಗಳ ಸಂದಿಯಲ್ಲಿ ಆಳವಿಲ್ಲದ ಶಾಂತ ನೀರು. ಉದ್ಯಾನದ ಒಟ್ಟು ವ್ಯಾಪ್ತಿ 700 ಚದರ ಕಿಲೋಮೀಟರ್ ದಾಟುತ್ತದೆ. ಅದರಲ್ಲಿ ಸುಮಾರು ಮೂರನೆಯ ಒಂದು ಭಾಗ ಕಡಲು. ನೆಲದ ಬಹುಪಾಲು ಕಾಡು.

ಈ ಕಡಲು ನಮ್ಮ ಅರಬ್ಬಿ ಸಮುದ್ರವನ್ನು ನೋಡಿ ಬೆಳೆದವರಿಗೆ ವಿಚಿತ್ರವೆನಿಸೀತು. ಉಬ್ಬರ ಇಳಿತ ಕಣ್ಣಿಗೆ ಕಾಣುವುದೇ ಇಲ್ಲ. ನೂರಾರು ನದಿಗಳು ಸಿಹಿನೀರು ತಂದು ಸುರಿಯುವುದರಿಂದ ನೀರಿನಲ್ಲಿ ಉಪ್ಪು ಬಹಳ ಕಡಿಮೆ. ಚಳಿ ಬಿಗಿಯಾದ ವರ್ಷಗಳಲ್ಲಿ ಕೊಲ್ಲಿಗಳು ಹೆಪ್ಪುಗಟ್ಟಿ ಬೆಳ್ಳಗಾಗುತ್ತವೆ. ತೀರದುದ್ದಕ್ಕೂ ಬಂಡೆಗಳು ಬಿದ್ದುಕೊಂಡಿವೆ. ಕೆಲವು ಮನೆಯಷ್ಟು ದೊಡ್ಡವು. ಇವು ಇಲ್ಲಿಯ ಕಲ್ಲುಗಳೇ ಅಲ್ಲ. ಹಿಮಯುಗದಲ್ಲಿ ಫಿನ್ಲೆಂಡಿನ ಕಡೆಯಿಂದ ಹಿಮನದಿಗಳು ಹೊತ್ತು ತಂದು, ಕರಗುವಾಗ ಇಲ್ಲೇ ಬಿಟ್ಟುಹೋದ ಗ್ರಾನೈಟ್. ಆ ಹಿಮದ ಭಾರ ಇಳಿದ ನೆಲ ಇನ್ನೂ ಮೇಲೇಳುತ್ತಲೇ ಇದೆ, ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು. ಕಡಲು ನಿಧಾನವಾಗಿ ಹಿಂದೆ ಸರಿಯುತ್ತಿದೆ.

ಕಾಡಿನಲ್ಲಿ ಪೈನ್, ಸ್ಪ್ರೂಸ್, ಬರ್ಚ್. ನಡುನಡುವೆ ಜೌಗುನೆಲ, ಅದರ ಮೇಲೆ ಮರದ ಹಲಗೆ ಹಾಸಿದ ಕಾಲುದಾರಿಗಳು. ಕಂದು ಕರಡಿ, ಲಿಂಕ್ಸ್, ಕಡವೆಯನ್ನು ಮೀರಿಸುವ ಗಾತ್ರದ ಎಲ್ಕ್, ಹೊಳೆಗೆ ಒಡ್ಡು ಕಟ್ಟುವ ಬೀವರ್ ಎಲ್ಲವೂ ಇಲ್ಲಿವೆ. ಕರಡಿ ಕಂಡೀತೆಂದು ಹೋದವರಿಗೆ ಸಾಮಾನ್ಯವಾಗಿ ಅದರ ಹೆಜ್ಜೆಗುರುತಷ್ಟೇ ಕಾಣುತ್ತದೆ. ಬೀವರ್ ಕಡಿದ ಮರದ ಬುಡಗಳನ್ನು ಮಾತ್ರ ಸಗಾದಿಯ ಸಮೀಪದ ಓಯಾಂದುವಿನ ಹೊಳೆಯಂಚಿನಲ್ಲಿ ಯಾರು ಬೇಕಾದರೂ ನೋಡಬಹುದು.

ಜರ್ಮನ್ ಒಡೆಯ, ಎಸ್ಟೋನಿಯನ್ ಒಕ್ಕಲು

13ನೆಯ ಶತಮಾನದ ಆರಂಭದಲ್ಲಿ ಶಿಲುಬೆಯ ಹೆಸರಿನಲ್ಲಿ ಜರ್ಮನ್ ಮತ್ತು ಡೇನಿಷ್ ಸೈನ್ಯಗಳು ಈ ನಾಡನ್ನು ಗೆದ್ದವು. 1219ರಲ್ಲಿ ಡೆನ್ಮಾರ್ಕಿನ ರಾಜ ಟಾಲಿನ್ ಹಿಡಿದ. ಗೆದ್ದವರು ಭೂಮಿ ಹಂಚಿಕೊಂಡರು. ಆಮೇಲೆ ಮೇಲಿನ ಅರಸರು ಬದಲಾಗುತ್ತ ಹೋದರು: ಡೇನರು 1346ರಲ್ಲಿ ಟ್ಯೂಟಾನಿಕ್ ಯೋಧಸಂಘಕ್ಕೆ ನೆಲ ಮಾರಿದರು, 1561ರಲ್ಲಿ ಸ್ವೀಡನ್ ಬಂತು, 1710ರಲ್ಲಿ ರಷ್ಯಾದ ಪೀಟರ್ ದೊರೆಯ ಸೈನ್ಯ ಬಂತು. ಬದಲಾಗದೆ ಉಳಿದವರು ನಡುವಿನ ಜಮೀನ್ದಾರರು. ಅವರು ಜರ್ಮನ್ ಮಾತಾಡಿದರು, ತಮ್ಮತಮ್ಮಲ್ಲೇ ಮದುವೆಯಾದರು, ಯಾವ ಅರಸ ಬಂದರೂ ತಮ್ಮ ಹಕ್ಕುಗಳನ್ನು ಬರೆಸಿಕೊಂಡು ಉಳಿದರು. ಏಳು ಶತಮಾನ ಹೀಗೆ ನಡೆಯಿತು.

ಪಾಲ್ಮ್ಸೆಯನ್ನೇ ನೋಡಿ. ಅದರ ಹೆಸರು 13ನೆಯ ಶತಮಾನದ ದಾಖಲೆಯಲ್ಲೇ ಬರುತ್ತದೆ. ಮೊದಲು ಅದು ಟಾಲಿನ್‌ನ ಕ್ರೈಸ್ತ ಸನ್ಯಾಸಿನಿಯರ ಮಠದ ಆಸ್ತಿ. 1677ರಲ್ಲಿ ಫಾನ್ ಡೆರ್ ಪಾಲೆನ್ ಮನೆತನದ ಕೈಗೆ ಬಂತು. ಅವರು ಅಲ್ಲಿಂದ ಹೊರಬಿದ್ದದ್ದು 1923ರಲ್ಲಿ. ಈಗ ಕಾಣುವ ಮನೆಯ ರೂಪ 1780ರ ದಶಕದ್ದು, ಯೋಹಾನ್ ಕಾಸ್ಪರ್ ಮೋರ್ ಎಂಬ ವಾಸ್ತುಶಿಲ್ಪಿಯದು. ಈ ಹಳ್ಳಿಮನೆಯಲ್ಲಿ 1745ರಲ್ಲಿ ಹುಟ್ಟಿದ ಪೀಟರ್ ಲುಡ್ವಿಗ್ ಫಾನ್ ಡೆರ್ ಪಾಲೆನ್ ಮುಂದೆ ಸೇಂಟ್ ಪೀಟರ್ಸ್‌ಬರ್ಗಿನ ಮಿಲಿಟರಿ ಗವರ್ನರ್ ಆದ. 1801ರಲ್ಲಿ ತ್ಸಾರ್ ಮೊದಲನೆಯ ಪಾವೆಲ್‌ನನ್ನು ಅರಮನೆಯಲ್ಲೇ ಕೊಂದ ಸಂಚಿನ ಮುಖಂಡ ಅವನೇ. ಅದೇ ಮನೆತನದ ಅಲೆಕ್ಸಾಂಡರ್ ಎಂಬಾತ ಟಾಲಿನ್‌ನಿಂದ ಪೀಟರ್ಸ್‌ಬರ್ಗಿಗೆ ರೈಲುಮಾರ್ಗ ಬರಬೇಕೆಂದು ಹಟ ಹಿಡಿದು ಓಡಾಡಿದ. 1870ರಲ್ಲಿ ರೈಲು ಓಡಿತು. ಸಾಮ್ರಾಜ್ಯದ ರಾಜಕಾರಣ ಈ ಕಾಡುಮೂಲೆಯ ಊಟದ ಮೇಜಿಗೆ ಬಂದು ಹೋಗುತ್ತಿತ್ತು.

ಸಗಾದಿ ಫಾನ್ ಫಾಕ್ ಮನೆತನದ್ದು, ವಿಹುಲ 19ನೆಯ ಶತಮಾನದಲ್ಲಿ ಫಾನ್ ಶೂಬರ್ಟ್ ಮನೆತನದ್ದು. ಒಂದರಿಂದ ಇನ್ನೊಂದಕ್ಕೆ ಸಾರೋಟಿನಲ್ಲಿ ಮಧ್ಯಾಹ್ನದೊಳಗೆ ಹೋಗಿಬರುವಷ್ಟೇ ದೂರ. ನೆಂಟರು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡುತ್ತಿದ್ದರು.

ಭಟ್ಟಿಯ ಸಿರಿ

ಇಷ್ಟು ಚಳಿಯ, ಇಷ್ಟು ಬಡ ಮಣ್ಣಿನ ನೆಲದಲ್ಲಿ ಅಂಥ ಮನೆ ಕಟ್ಟಲು ಹಣ ಎಲ್ಲಿಂದ ಬಂತು? ಉತ್ತರ ಪಾಲ್ಮ್ಸೆಯಲ್ಲಿ ಕಣ್ಣೆದುರಿಗೇ ನಿಂತಿದೆ. ಅಲ್ಲಿಯ ಅತಿಥಿಗೃಹ ನಡೆಯುತ್ತಿರುವುದು ಹಳೆಯ ಸಾರಾಯಿ ಭಟ್ಟಿಯ ಕಟ್ಟಡದಲ್ಲಿ.

18ನೆಯ ಶತಮಾನದಲ್ಲಿ ರಷ್ಯಾ ಸಾಮ್ರಾಜ್ಯದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್ ಬೆಳೆಯುತ್ತಿತ್ತು. ಇಲ್ಲಿಂದ ಅದು ಸುಮಾರು 300 ಕಿಲೋಮೀಟರ್. ಸೈನ್ಯಕ್ಕೆ, ಹೆಂಡದಂಗಡಿಗಳಿಗೆ ವೋಡ್ಕಾ ಬೇಕಿತ್ತು. 1760ರ ದಶಕದಿಂದ ಬಾಲ್ಟಿಕ್ ಜಮೀನ್ದಾರರಿಗೆ ರಷ್ಯಾದ ಮಾರುಕಟ್ಟೆಗೆ ಸಾರಾಯಿ ಒದಗಿಸುವ ಅವಕಾಶ ಸಿಕ್ಕಿತು. ರೈ ಧಾನ್ಯವನ್ನು ಧಾನ್ಯವಾಗಿಯೇ ಗಾಡಿಯಲ್ಲಿ ಹೊರುವುದಕ್ಕಿಂತ ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಹೊರುವುದು ಎಷ್ಟೋ ಪಟ್ಟು ಲಾಭ. ಪ್ರತಿ ಎಸ್ಟೇಟಿನಲ್ಲೂ ಭಟ್ಟಿಮನೆ ಎದ್ದಿತು.

ಭಟ್ಟಿಯ ಲೆಕ್ಕ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಸಾರಾಯಿ ಇಳಿಸಿದ ಮೇಲೆ ಉಳಿಯುವ ಗಸಿಯನ್ನು ಎತ್ತುಗಳಿಗೆ ತಿನ್ನಿಸಿದರು. ದಕ್ಷಿಣದ ಉಕ್ರೇನಿನಿಂದ ಬಡಕಲು ಎತ್ತುಗಳನ್ನು ಹೊಡೆದು ತಂದು, ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಗಸಿ ಕೊಟ್ಟು ಕೊಬ್ಬಿಸಿ, ರಾಜಧಾನಿಯ ಮಾಂಸದ ಪೇಟೆಗೆ ಅಟ್ಟಿದರು. ಎತ್ತಿನ ಗೊಬ್ಬರ ಹೊಲಕ್ಕೆ ಹೋಯಿತು, ಹೊಲದ ರೈ ಮತ್ತೆ ಭಟ್ಟಿಗೆ ಬಂತು. 19ನೆಯ ಶತಮಾನದಲ್ಲಿ ರೈ ಜಾಗಕ್ಕೆ ಆಲೂಗಡ್ಡೆ ಬಂತು. ಭಟ್ಟಿಯ ಒಲೆ ಉರಿಯಲು ಕಟ್ಟಿಗೆ ಬೇಕು. ಕಾಡು ಪಕ್ಕದಲ್ಲೇ ಇತ್ತು. ಸರಕು ಸಾಗಿಸಲು ಕಡಲೂ ಪಕ್ಕದಲ್ಲೇ ಇತ್ತು. ಕಾಡು ಕಡಲುಗಳ ನಡುವೆ ಈ ಮನೆಗಳು ಇರುವುದು ಒಡೆಯನ ಸೌಂದರ್ಯದೃಷ್ಟಿಯಿಂದ ಅನ್ನುವವರಿದ್ದಾರೆ. ನನಗಂತೂ ಅದಕ್ಕಿಂತ ಕಟ್ಟಿಗೆ ಮತ್ತು ಬಂದರಿನ ಲೆಕ್ಕವೇ ನಿಜವೆನಿಸುತ್ತದೆ.

ಆ ಹಣದಿಂದಲೇ ಮರದ ಮನೆಗಳ ಜಾಗದಲ್ಲಿ ಕಲ್ಲಿನ ಮನೆಗಳು ಬಂದವು. ನಿಲುವುಗನ್ನಡಿ, ಹೆಂಚುಬಿಲ್ಲೆ ಹೊದಿಸಿದ ಎತ್ತರದ ಒಲೆಗಳು, ಚಳಿನಾಡಿನಲ್ಲಿ ತಾಳೆಗಿಡ ಬೆಳೆಸುವ ಗಾಜಿನ ಮನೆ. ಚಳಿಗಾಲದಲ್ಲಿ ಕೊಳದ ಮಂಜುಗಡ್ಡೆ ಕೊಯ್ದು ನೆಲಮಾಳಿಗೆಯಲ್ಲಿ ತುಂಬಿಟ್ಟರೆ ಬೇಸಿಗೆಯವರೆಗೆ ಹಾಲು ಮಾಂಸ ಕೆಡುತ್ತಿರಲಿಲ್ಲ. ಕೊಯ್ಯುವವರು ಯಾರೆಂದು ಹೇಳಬೇಕಾಗಿಲ್ಲ.

ಬಿಟ್ಟಿ ಮತ್ತು ಬೆತ್ತ

ಒಕ್ಕಲಿನ ಪ್ರತಿ ಕುಟುಂಬವೂ ವಾರಕ್ಕೆ ಇಷ್ಟು ದಿನವೆಂದು ಒಬ್ಬ ಆಳನ್ನು, ಎಷ್ಟೋ ವೇಳೆ ಸ್ವಂತ ಕುದುರೆಯ ಸಮೇತ, ಒಡೆಯನ ಹೊಲಕ್ಕೆ ಬಿಟ್ಟಿಗೆ ಕಳಿಸಬೇಕಿತ್ತು. ಸುಗ್ಗಿಯಲ್ಲಿ ಹೆಚ್ಚಿನ ಆಳು. ತನ್ನ ಹೊಲದಲ್ಲಿ ಪೈರು ಉದುರುತ್ತಿದ್ದರೂ ಮೊದಲು ಒಡೆಯನ ಪೈರು ಕೊಯ್ಯಬೇಕು. ಭಟ್ಟಿಯ ರಾತ್ರಿಪಾಳಿ, ಪೀಪಾಯಿಗಳ ಗಾಡಿಪ್ರಯಾಣ, ಮನೆಯ ಹೆಂಗಸರಿಗೆ ನೂಲುವ ಕೆಲಸ ಎಲ್ಲವೂ ಲೆಕ್ಕದ ಮೇಲೆ ಲೆಕ್ಕ. 18ನೆಯ ಶತಮಾನದಲ್ಲಿ ಮನುಷ್ಯರನ್ನು ಕೊಂಡು ಮಾರುವುದೂ ನಡೆದಿತ್ತು.

ಕೆಲಸ ಮಾಡಿಸುವ ಮೇಸ್ತ್ರಿ ಸಾಮಾನ್ಯವಾಗಿ ಎಸ್ಟೋನಿಯದವನೇ. ಅವನ ಕೈಯಲ್ಲಿ ಕೋಲು. ತಪ್ಪಿದವರಿಗೆ ಶಿಕ್ಷೆ ಕೊಡುವ ಹಕ್ಕು ಒಡೆಯನದು, ಬೆತ್ತದೇಟು ಬೀಳುತ್ತಿದ್ದದ್ದು ಕುದುರೆ ಲಾಯದಲ್ಲಿ. ‘ಲಾಯಕ್ಕೆ ಕಳಿಸುವುದು’ ಎಂದರೆ ಏನೆಂದು ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು. ಈ ಹಕ್ಕು ಕಾನೂನಿನಿಂದ ಪೂರ್ತಿ ಹೋದದ್ದು 1860ರ ದಶಕದಲ್ಲಿ. ಹಳೆಯ ಲಾಯಗಳನ್ನು ಸುಣ್ಣ ಬಳಿದು ಸುಂದರ ಕೋಣೆಗಳಾಗಿ ಮಾಡಿರುವ ದೊಡ್ಡಮನೆಗಳು ಬಾಲ್ಟಿಕ್ ನಾಡಿನಲ್ಲಿ ಬೇಕಾದಷ್ಟಿವೆ. ಅಲ್ಲಿ ತಂಗುವವರಿಗೆ ಈ ಮಾತನ್ನು ಯಾರಾದರೂ ಹೇಳಬೇಕು ಎಂದು ನಾನು ಭಾವಿಸುತ್ತೇನೆ. ಹೇಳದೆ ಇರುವುದು ಅತಿಥಿಗೆ ಮಾಡುವ ಉಪಚಾರವಲ್ಲ.

ಒಕ್ಕಲಿನವರ ಮನೆಗೆ ಹೊಗೆಕೊಳವೆ ಇರಲಿಲ್ಲ. ಮರದ ದಿಮ್ಮಿಗಳ ಗೋಡೆ, ಜೊಂಡಿನ ಮಾಡು. ಒಂದೇ ದೊಡ್ಡ ಕೋಣೆಯಲ್ಲಿ ಒಲೆ ಉರಿಯುತ್ತದೆ. ಹೊಗೆ ಬಾಗಿಲಿನಿಂದಲೇ ಹೊರಗೆ ಹೋಗಬೇಕು. ಶರತ್ಕಾಲದಲ್ಲಿ ಒದ್ದೆ ಪೈರನ್ನು ಅದೇ ಕೋಣೆಯ ಅಟ್ಟಣಿಗೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಕೆಳಗೆ ಮಕ್ಕಳು, ಮುದುಕರು, ಕೋಳಿ. ಹೊಗೆಯಾಡಿದ ಕಾಳು ಹುಳ ಹಿಡಿಯದೆ ಬಹುಕಾಲ ಉಳಿಯುತ್ತಿತ್ತು, ಕೊಳ್ಳುವವರು ಅದನ್ನು ಇಷ್ಟಪಡುತ್ತಿದ್ದರು. ಕಣ್ಣು ಹಾಳಾಗುತ್ತಿದ್ದದ್ದು ಒಳಗಿದ್ದವರದು.

1816ರಲ್ಲಿ ಇಲ್ಲಿ ಜೀತ ಕಾನೂನಿನಲ್ಲಿ ಕೊನೆಗೊಂಡಿತು. ರಷ್ಯಾದ ಒಳನಾಡಿಗಿಂತ 45 ವರ್ಷ ಮುಂಚೆ. ಆದರೆ ಮನುಷ್ಯರಿಗೆ ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. ಎಲ್ಲ ಭೂಮಿಯೂ ಒಡೆಯನದೇ ಎಂದು ಅದೇ ಕಾನೂನು ಬರೆಯಿತು. ಗೇಣಿ ಕೊಡಲು ಹಣವಿಲ್ಲದವನು ಮತ್ತೆ ಮೈ ಮುರಿದೇ ಗೇಣಿ ತೀರಿಸಬೇಕು. ಹೀಗೆ ಬಿಟ್ಟಿ ಇನ್ನೂ ಅರ್ಧ ಶತಮಾನ ಎಳೆಯಿತು. 1858ರಲ್ಲಿ ಮಾಹ್ತ್ರ ಎಂಬಲ್ಲಿ ರೈತರು ತಿರುಗಿಬಿದ್ದು ಸೈನಿಕರೊಂದಿಗೆ ಹೊಡೆದಾಡಿ ಪ್ರಾಣ ತೆತ್ತರು.

ಬಿಡುಗಡೆಯಾದವರಿಗೆ ಮನೆತನದ ಹೆಸರು ಬೇಕಾಯಿತು, ಏಕೆಂದರೆ ಅಲ್ಲಿಯವರೆಗೆ ಅವರಿಗೆ ಅದಿರಲಿಲ್ಲ. ಎಷ್ಟೋ ಕಡೆ ಹೆಸರು ಇಟ್ಟವರು ಎಸ್ಟೇಟಿನವರೇ. ಕೆಲವು ಕುಟುಂಬಗಳಿಗೆ ಜರ್ಮನ್ ಹೆಸರು ಸಿಕ್ಕಿತು, ಕೆಲವಕ್ಕೆ ಮರದ, ಹಕ್ಕಿಯ ಹೆಸರು. ಇವತ್ತಿನ ಎಸ್ಟೋನಿಯದ ದೂರವಾಣಿ ಪಟ್ಟಿಯಲ್ಲಿ ಬರುವ ತಮ್ (ಓಕ್ ಮರ), ಕಸ್ಕ್ (ಬರ್ಚ್ ಮರ) ಎಂಬ ಹೆಸರುಗಳ ಹಿಂದೆ ಆ ಕಾಲದ ಬರವಣಿಗೆಯ ಮೇಜುಗಳಿವೆ.

ಬೆಂಕಿ, ಕಾನೂನು, ಹಡಗು

1905ರ ಕ್ರಾಂತಿಯ ಡಿಸೆಂಬರಿನಲ್ಲಿ ಕಾರ್ಮಿಕರೂ ರೈತರೂ ದೊಡ್ಡಮನೆಗಳ ಮೇಲೆ ನುಗ್ಗಿದರು. ನೂರಕ್ಕೂ ಹೆಚ್ಚು ಎಸ್ಟೇಟುಗಳು ಲೂಟಿಯಾದವು, ಎಷ್ಟೋ ಮನೆಗಳು ಸುಟ್ಟು ಬೂದಿಯಾದವು. ಹಿಂದೆಯೇ ದಂಡಿನ ತುಕಡಿಗಳು ಬಂದು ನೂರಾರು ಮಂದಿಯನ್ನು ಗುಂಡಿಟ್ಟು ಕೊಂದವು.

1918ರ ಫೆಬ್ರವರಿ 24ರಂದು ಎಸ್ಟೋನಿಯ ಸ್ವತಂತ್ರವೆಂದು ಸಾರಿತು. ಸ್ವಾತಂತ್ರ್ಯಯುದ್ಧ ಇನ್ನೂ ಮುಗಿಯುವ ಮುನ್ನವೇ, 1919ರ ಅಕ್ಟೋಬರಿನಲ್ಲಿ, ಹೊಸ ದೇಶದ ಸಂವಿಧಾನ ಸಭೆ ಭೂಸುಧಾರಣೆಯ ಕಾನೂನು ತಂದಿತು. ಆಗ ದೇಶದ ನೆಲದ ಅರ್ಧಕ್ಕಿಂತ ಹೆಚ್ಚು ಎಸ್ಟೇಟುಗಳ ಕೈಯಲ್ಲಿತ್ತು. ಸಾವಿರಕ್ಕೂ ಹೆಚ್ಚು ಎಸ್ಟೇಟುಗಳ ಭೂಮಿ, ಕಾಡು, ದನ, ನೇಗಿಲು ಎಲ್ಲವನ್ನೂ ಸರ್ಕಾರ ವಶಕ್ಕೆ ತೆಗೆದುಕೊಂಡು ಹಂಚಿತು. ಸ್ವಾತಂತ್ರ್ಯಯುದ್ಧದಲ್ಲಿ ಕಾದಿದವರಿಗೆ ಮೊದಲ ಪಾಲು. ಹತ್ತಾರು ಸಾವಿರ ಹೊಸ ಹಿಡುವಳಿಗಳು ಹುಟ್ಟಿದವು. ಕಾಡು ಬಹುಪಾಲು ಸರ್ಕಾರದ್ದಾಯಿತು.

ನೆಲ ಹಂಚಬಹುದು, ಇಪ್ಪತ್ತು ಮೂವತ್ತು ಕೋಣೆಗಳ ಮನೆಯನ್ನು ಹಂಚುವುದು ಹೇಗೆ? ಆಗ ಬಂದ ಯೋಚನೆಯೇ ಶಾಲೆ. ನೃತ್ಯದ ಹಜಾರದಲ್ಲಿ ಬೆಂಚು ಹಾಕಿದರು, ಬೇಟೆಯ ಕೊಂಬುಗಳಿದ್ದ ಗೋಡೆಗೆ ಕರಿಹಲಗೆ ತೂಗಿದರು. ಸಗಾದಿಯಲ್ಲೂ ದಶಕಗಳ ಕಾಲ ಶಾಲೆ ನಡೆಯಿತು. ಅಜ್ಜ ಟೋಪಿ ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತ ಮನೆಗೆ ಮೊಮ್ಮಗ ಮುಂಬಾಗಿಲಿನಿಂದ ಪುಸ್ತಕ ಹಿಡಿದು ಹೋದ. ಈ ಒಂದು ಬದಲಾವಣೆಯನ್ನು ನಾನು ಯಾವ ಅರಮನೆಯ ಚಿನ್ನದ ಕೆಲಸಕ್ಕಿಂತಲೂ ಹೆಚ್ಚಿನದೆಂದು ಎಣಿಸುತ್ತೇನೆ.

1939ರ ಶರತ್ಕಾಲದಲ್ಲಿ ಹಿಟ್ಲರನ ಕರೆಯ ಮೇಲೆ ಬಾಲ್ಟಿಕ್ ಜರ್ಮನರು ಹಡಗು ಹತ್ತಿದರು. ಹದಿಮೂರು ಸಾವಿರಕ್ಕೂ ಹೆಚ್ಚು ಜನ ಕೆಲವೇ ತಿಂಗಳಲ್ಲಿ ದೇಶ ಬಿಟ್ಟರು. ಅವರಲ್ಲಿ ಬಹಳಷ್ಟು ಜನರನ್ನು ನೆಲೆಗೊಳಿಸಿದ್ದು ಪೋಲೆಂಡಿನವರಿಂದ ಕಸಿದ ಮನೆಗಳಲ್ಲಿ. ಏಳುನೂರು ವರ್ಷಗಳ ಅಧ್ಯಾಯ ಹಾಗೆ ಮುಗಿಯಿತು.

ಮುಚ್ಚಿದ ಕಡಲು, ಉಳಿದ ಕಾಡು

1940ರಲ್ಲಿ ಸೋವಿಯತ್ ಆಕ್ರಮಣ, ನಡುವೆ ಮೂರು ವರ್ಷ ಜರ್ಮನ್ ಆಕ್ರಮಣ, 1944ರಲ್ಲಿ ಮತ್ತೆ ಸೋವಿಯತ್. ಹತ್ತಾರು ಸಾವಿರ ಜನ ದೋಣಿ ಹತ್ತಿ ಸ್ವೀಡನ್ ಕಡೆಗೆ, ಜರ್ಮನಿಯ ಕಡೆಗೆ ಓಡಿದರು. 1949ರ ಮಾರ್ಚಿನಲ್ಲಿ ಒಂದೇ ಬಾರಿಗೆ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೈಬೀರಿಯಕ್ಕೆ ಸಾಗಿಸಿದರು. ಹಂಚಿದ್ದ ಹೊಲಗಳು ಸಾಮೂಹಿಕ ಕೃಷಿಯ ಪಾಲಾದವು. ದೊಡ್ಡಮನೆಗಳಲ್ಲಿ ಕಚೇರಿ, ಗೋದಾಮು, ವೃದ್ಧಾಶ್ರಮ, ಎಷ್ಟೋ ಕಡೆ ಏನೂ ಇಲ್ಲ. ಮಾಡು ಸೋರಿದ ಮನೆ ಆ ಚಳಿಯಲ್ಲಿ ಹೆಚ್ಚು ವರ್ಷ ನಿಲ್ಲುವುದಿಲ್ಲ.

ಕರಾವಳಿ ಸೋವಿಯತ್ ಒಕ್ಕೂಟದ ಹೊರಗಡಿ ಆಯಿತು. ಕೊಲ್ಲಿಯಾಚೆ ಫಿನ್ಲೆಂಡ್, ಅಂದರೆ ಹೊರಜಗತ್ತು. ತೀರದ ಹಳ್ಳಿಗೆ ಹೋಗಲು ಪರವಾನಗಿ ಬೇಕು. ಮೀನುಗಾರರ ದೋಣಿಗಳನ್ನು ಕಿತ್ತುಕೊಂಡರು. ಓಡಿಹೋದವರ ಹೆಜ್ಜೆ ಕಾಣಲೆಂದು ಮರಳನ್ನು ಕೆದರಿ ಸಮ ಮಾಡಿಡುತ್ತಿದ್ದರು. ಹಾರ ಕೊಲ್ಲಿಯಲ್ಲಿ ಜಲಾಂತರ್ಗಾಮಿಗಳ ಕಾಂತತ್ವ ತೆಗೆಯುವ ಗುಪ್ತ ನೆಲೆ ಎದ್ದಿತು. ಅದರ ಒಡೆದ ಕಾಂಕ್ರೀಟು ಈಗಲೂ ನೀರಿನಲ್ಲಿ ನಿಂತಿದೆ. ಜನರಿಗೆ ಮುಚ್ಚಿದ್ದರಿಂದಲೇ ಈ ಕಾಡುತೀರ ಹೋಟೆಲು, ವಿಲ್ಲಾಗಳ ಕೈಗೆ ಸಿಗದೆ ಉಳಿಯಿತು. ಆ ಉಳಿವಿಗೆ ತೆತ್ತ ಬೆಲೆ ಕಡಲಿನ ಜನರ ಬದುಕು ಎಂಬುದನ್ನು ಮಾತ್ರ ಮರೆಯಬಾರದು.

1971ರ ಜೂನ್ 1ರಂದು ಲಾಹೆಮಾ ರಾಷ್ಟ್ರೀಯ ಉದ್ಯಾನವಾಯಿತು. ಇಡೀ ಸೋವಿಯತ್ ಒಕ್ಕೂಟದಲ್ಲಿ ಅದೇ ಮೊದಲನೆಯದು. ಯಾನ್ ಐಲಾರ್ಟ್ ಎಂಬ ನಿಸರ್ಗಪ್ರೇಮಿ ವಿದ್ವಾಂಸ ಮತ್ತು ಅವರ ಸಂಗಡಿಗರು ಅದಕ್ಕಾಗಿ ಬಹುಕಾಲ ದುಡಿದಿದ್ದರು. ‘ರಾಷ್ಟ್ರೀಯ’ ಎಂಬ ಮಾತಿಗೆ ಮಾಸ್ಕೋದಲ್ಲಿ ಹುಬ್ಬೇರುತ್ತಿದ್ದ ಕಾಲ ಅದು. ಎಸ್ಟೋನಿಯದವರು ಮರ ಮತ್ತು ಹಕ್ಕಿಗಳ ಜೊತೆ ಹಳ್ಳಿ, ಮೀನುಗಾರರು ಬಲೆ ಇಡುವ ಬಲೆಮನೆ, ದೊಡ್ಡಮನೆಗಳನ್ನೂ ಉದ್ಯಾನದ ರಕ್ಷಣೆಯೊಳಗೆ ತಂದುಕೊಂಡರು.

ಮುಂದೆ 1970ರ ದಶಕದ ಮಧ್ಯದಿಂದ ಪಾಲ್ಮ್ಸೆಯ ದುರಸ್ತಿ ಶುರುವಾಗಿ ಹತ್ತು ವರ್ಷ ನಡೆಯಿತು. ಸಗಾದಿಯಲ್ಲೂ ಅದೇ ಹೊತ್ತಿಗೆ ಕೆಲಸ ಹಿಡಿದು, 1987ರಲ್ಲಿ ಅರಣ್ಯ ವಸ್ತುಸಂಗ್ರಹಾಲಯ ತೆರೆಯಿತು. ಕಾರ್ಮಿಕರ ರಾಜ್ಯವೆಂದು ಹೇಳಿಕೊಂಡ ಆಡಳಿತದಲ್ಲಿ ಬ್ಯಾರನ್ನನ ಮನೆಯ ಸುಣ್ಣದ ಹೂಬಳ್ಳಿಗಳನ್ನು ಕಲಾವಿದರು ಒಂದೊಂದಾಗಿ ಮತ್ತೆ ಮಾಡಿದರು. ತಮ್ಮ ಹಿರಿಯರನ್ನು ಹೊಡೆಸಿದವರ ಮನೆಯನ್ನು ಏಕೆ ಉಳಿಸಿದರು? ಕಲ್ಲು ಹೊತ್ತವರು, ತೊಲೆ ಕಡಿದವರು, ಒಲೆ ಕಟ್ಟಿದವರು ತಮ್ಮವರೇ ಎಂಬ ಅರಿವು ಅದರಲ್ಲಿತ್ತು. ತಮ್ಮ ಊರಿನ ಚರಿತ್ರೆಯನ್ನು ಮಾಸ್ಕೋ ಬರೆದುಕೊಟ್ಟಂತೆ ಓದಲು ಮನಸ್ಸಿಲ್ಲದ ಹಟವೂ ಇತ್ತು ಎಂದು ನನ್ನ ನಂಬಿಕೆ.

ತಂಗುವವರಿಗೆ

ಮೂರು ಮನೆಗಳ ಗುಣ ಬೇರೆಬೇರೆ. ಪಾಲ್ಮ್ಸೆ ಚರಿತ್ರೆಯನ್ನು ಪೂರ್ತಿ ನೋಡಬೇಕೆನ್ನುವವರಿಗೆ: ಮುಖ್ಯ ಮನೆ, ಗಾಜಿನ ಮನೆ, ಭಟ್ಟಿ, ಕಣಜ, ಕೊಳದ ದಂಡೆಯ ಕಟ್ಟಡಗಳು ಎಲ್ಲ ಒಟ್ಟಿಗಿವೆ. ವಿಹುಲ ಸ್ಪಾ, ಭೋಜನ, ಆರಾಮ ಬೇಕೆನ್ನುವವರಿಗೆ. ಸಗಾದಿ ಕಾಡಿಗೆ ಹೋಗುವವರಿಗೆ. ಅದನ್ನು ನಡೆಸುವುದು ಸರ್ಕಾರದ ಅರಣ್ಯ ನಿರ್ವಹಣಾ ಕೇಂದ್ರ. ಒಂದನ್ನೇ ಆರಿಸಬೇಕೆಂದರೆ ನಾನು ಸಗಾದಿಯ ಹೆಸರು ಹೇಳುತ್ತೇನೆ.

ಬೆಳಗಿನ ಮೇಜಿನ ಮೇಲೆ ಹುಳಿ ಹಿಟ್ಟಿನ ಕಪ್ಪು ರೈ ರೊಟ್ಟಿ ಇರುತ್ತದೆ, ಜೊತೆಗೆ ಬೆಣ್ಣೆ, ಉಪ್ಪು ಹಾಕಿದ ಪುಟ್ಟ ಮೀನು, ಒಡೆದ ಹಾಲಿನ ಮೃದುವಾದ ಗಿಣ್ಣು. ಹುರಿದ ಧಾನ್ಯ ಬಟಾಣಿಗಳ ‘ಕಾಮ’ ಹಿಟ್ಟನ್ನು ಮೊಸರಿಗೆ ಕಲಸಿ ತಿನ್ನುತ್ತಾರೆ. ಹುರಿಹಿಟ್ಟು ತಿಂದವರಿಗೆ ಆ ರುಚಿ ಹೊಸದಲ್ಲ. ಸಸ್ಯಾಹಾರಿಗಳಿಗೆ ಗಂಜಿ, ಆಲೂಗಡ್ಡೆ, ಅಣಬೆ, ಕಾಡುಹಣ್ಣುಗಳಿಗೆ ಕೊರತೆಯಿಲ್ಲ. ಸಂಜೆಗೆ ಸೌನಾ: ಕಾದ ಕಲ್ಲಿನ ಮೇಲೆ ನೀರು ಹೊಯ್ದ ಹಬೆಯಲ್ಲಿ ಬೆವರಿ, ತಣ್ಣೀರಿಗೆ ಇಳಿಯುವುದು.

ಹಗಲು ಕಾಡಿನಲ್ಲಿ ಕಳೆಯಬೇಕು. ಇಲ್ಲಿ ಒಂದು ಹಳೆಯ ರೂಢಿ ಕಾನೂನಾಗಿ ಉಳಿದಿದೆ. ಸರ್ಕಾರಿ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಅಣಬೆ ಆಯಬಹುದು. ಬೇಲಿಯೋ ನಿಷೇಧದ ಫಲಕವೋ ಇಲ್ಲದ ಖಾಸಗಿ ಕಾಡಿನಲ್ಲೂ ಹಗಲು ಓಡಾಡಬಹುದು. ಬೆಂಕಿ ಹಾಕುವುದು ಮಾತ್ರ ಗೊತ್ತುಮಾಡಿದ ಜಾಗದಲ್ಲಿ. ಜುಲೈಯಲ್ಲಿ ನೀಲಿ ಬೆರ್ರಿ, ಆಮೇಲೆ ಕೆಂಪು ಲಿಂಗನ್‌ಬೆರ್ರಿ, ಸೆಪ್ಟೆಂಬರಿನಲ್ಲಿ ಜೌಗಿನ ಕ್ರಾನ್‌ಬೆರ್ರಿ. ಓಯಾಂದುವಿನಿಂದ ಹೊರಡುವ ಒಂದು ಕಾಲುದಾರಿ ಕಾಡಿನೊಳಗೇ 375 ಕಿಲೋಮೀಟರ್ ಸಾಗಿ ದೇಶದ ದಕ್ಷಿಣ ಗಡಿಯ ಇಕ್ಲ ಮುಟ್ಟುತ್ತದೆ. ಹುಲ್ಲಿನಲ್ಲಿ ಉಣ್ಣೆ ಹುಳು ಇರುತ್ತವೆ. ಅವುಗಳಿಂದ ಮೆದುಳಿನ ಜ್ವರ ಹರಡುವುದುಂಟು. ಉದ್ದ ತೋಳು, ಕಾಲುಚೀಲ ಬೇಕು, ಸಂಜೆ ಮೈ ನೋಡಿಕೊಳ್ಳಬೇಕು.

ಸಗಾದಿಯಿಂದ ಕೆಲವೇ ಕಿಲೋಮೀಟರ್ ದೂರದ ಆಲ್ತ್ಯ ಮೀನುಗಾರರ ಹಳ್ಳಿ. ದಿಮ್ಮಿಯ ಬಲೆಮನೆಗಳು ಬಂಡೆಗಳ ನಡುವೆ ನೀರಿಗೆ ಮುಖಮಾಡಿ ನಿಂತಿವೆ. ಕ್ಯಾಸ್ಮು ಹಡಗಿನ ಕಪ್ತಾನರ ಊರು. ಅಲ್ಲಿ 1884ರಿಂದ ನಾವಿಕ ಶಾಲೆಯೇ ಇತ್ತು. ದೊಡ್ಡಮನೆಯ ನೆರಳಿನಲ್ಲಿ ಹೊಲದವರು ಬಗ್ಗಿದ್ದರೆ ಕಡಲಿನವರು ಸ್ವಲ್ಪ ನೇರ ನಿಂತಿದ್ದರು. ಕೊಲ್ಲಿಯಾಚೆಯ ಫಿನ್ಲೆಂಡಿನ ಗೆಳೆಯರ ಮನೆಗೆ ಧಾನ್ಯ ಒಯ್ದು ಮೀನು ತರುವ ವ್ಯಾಪಾರ ತಲೆಮಾರುಗಳ ಕಾಲ ನಡೆದಿತ್ತು. 1919ರಿಂದ 1932ರವರೆಗೆ ಫಿನ್ಲೆಂಡಿನಲ್ಲಿ ಪಾನನಿಷೇಧವಿದ್ದಾಗ ಅದೇ ದಾರಿಯಲ್ಲಿ ಕಳ್ಳಸಾರಾಯಿ ಹೋಯಿತು. ಕ್ಯಾಸ್ಮುವಿನ ಕಡಲ ಸಂಗ್ರಹಾಲಯ ಇರುವುದು ಸೋವಿಯತ್ ಗಡಿಕಾವಲು ಪಡೆಯ ಹಳೆಯ ಠಾಣೆಯಲ್ಲಿ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಒಳ್ಳೆಯದು. ಜೂನಿನಲ್ಲಿ ಹಗಲು ಹದಿನೆಂಟು ಗಂಟೆಗೂ ಹೆಚ್ಚು, ಡಿಸೆಂಬರಿನಲ್ಲಿ ಬರೀ ಆರು. ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಹೆಲ್ಸಿಂಕಿಗೆ ಹೋಗಿ ಅಲ್ಲಿಂದ ಸುಮಾರು ಎರಡು ಗಂಟೆಯ ಹಡಗಿನಲ್ಲಿ ಟಾಲಿನ್ ಸೇರುವುದು ಸುಲಭ ದಾರಿ.

ಮುಗಿಯದ ಲೆಕ್ಕ

ಎಲ್ಲ ದೊಡ್ಡಮನೆಗಳೂ ಸಗಾದಿಯಷ್ಟು ಅದೃಷ್ಟವಂತವಲ್ಲ. ಲಾಹೆಮಾದಲ್ಲೇ ಇರುವ ಕೊಲ್ಗ ಒಂದು ಕಾಲಕ್ಕೆ ಈ ಭಾಗದ ಅತಿ ದೊಡ್ಡ ಎಸ್ಟೇಟುಗಳಲ್ಲೊಂದು, ಸ್ಟೆನ್‌ಬಾಕ್ ಮನೆತನದ್ದು. ಅವರ ಟಾಲಿನ್‌ ಮನೆಯಲ್ಲಿ ಇವತ್ತು ಎಸ್ಟೋನಿಯ ಸರ್ಕಾರದ ಸಂಪುಟ ಸಭೆ ಸೇರುತ್ತದೆ. ಕೊಲ್ಗದ ಕಂಬಸಾಲಿನ ಮನೆಗೆ ಮಾತ್ರ ಆ ಭಾಗ್ಯ ಬಂದಿಲ್ಲ. ಅದರ ಗಾರೆ ಉದುರಿದ ಗೋಡೆಗಳು ದುರಸ್ತಿಯ ಹಣಕ್ಕೆ ಕಾದು ದಶಕಗಳೇ ಕಳೆದವು. ಇಂಥ ಮನೆಗಳು ದೇಶದಲ್ಲಿ ನೂರಾರಿವೆ.

ಕಾಡಿನ ವಿಷಯದಲ್ಲೂ ಜಗಳ ನಡೆದಿದೆ. ಸಗಾದಿಯಲ್ಲಿ ಅತಿಥಿಗಳಿಗೆ ಕಾಡು ತೋರಿಸುವ ಅದೇ ಸರ್ಕಾರಿ ಕೇಂದ್ರ ದೇಶದ ಬೇರೆಡೆ ಮರ ಕಡಿದು ಮಾರುವ ಸಂಸ್ಥೆಯೂ ಹೌದು. ಎಷ್ಟು ಕಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಎಸ್ಟೋನಿಯದ ಜನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ, ಬೀದಿಯಲ್ಲಿ ವಾದ ಮಾಡುತ್ತಿದ್ದಾರೆ. ದೇಶದ ಅರ್ಧ ನೆಲ ಕಾಡಾಗಿರುವಲ್ಲಿ ಈ ವಾದ ಪ್ರತಿ ಮನೆಯದೂ ಹೌದು.

ದೊಡ್ಡಮನೆಗಳಲ್ಲಿ ಹುಟ್ಟಿದ ಹಳ್ಳಿಶಾಲೆಗಳು ಡಜನುಗಟ್ಟಲೆ ಇನ್ನೂ ನಡೆಯುತ್ತಿವೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವುದರಿಂದ ಕೆಲವು ಮುಚ್ಚುವ ಅಂಚಿನಲ್ಲಿವೆ. ಹಲವಕ್ಕೆ ನಾರ್ವೆಯ ಮತ್ತು ಯುರೋಪಿನ ನೆರವಿನಿಂದ ಹೊಸ ಮಾಡು, ಹೊಸ ಕಿಟಕಿ ಬಂದಿವೆ. ಬೇಸಿಗೆ ರಜೆಯಲ್ಲಿ ‘ಮರೆತ ದೊಡ್ಡಮನೆಗಳು’ ಎಂಬ ಹೆಸರಿನಲ್ಲಿ ಇವು ಗೊತ್ತಾದ ದಿನಗಳಂದು ಎಲ್ಲರಿಗೂ ಬಾಗಿಲು ತೆರೆಯುತ್ತವೆ. ಲಾಹೆಮಾಕ್ಕೆ ಹೋಗುವವರು ಕಾಡಿಗೆ ಒಂದು ದಿನ, ಕಡಲಿಗೆ ಒಂದು ದಿನ ಇಟ್ಟುಕೊಂಡು, ಮೂರನೆಯ ದಿನ ಅಂಥ ಒಂದು ಶಾಲೆಗೆ ಹೋಗಬೇಕು. ಹೋಗುವ ಮೊದಲು ಆ ವರ್ಷದ ತೆರೆಯುವ ದಿನಗಳ ಪಟ್ಟಿ ನೋಡಿಕೊಳ್ಳಿ, ಪ್ರತಿ ಬೇಸಿಗೆಗೂ ಅದು ಬದಲಾಗುತ್ತದೆ.